ಕೈ ಎದ್ದ ಮೇಲೆ ಸ್ಲೇಟು ಏರಲೇಬೇಕು

ಮೊದಲು ಒಂದು ಮಾತು. ಹೋದ ಸಲ ನಾನು ಬಾವಿಗೆ ಬಿದ್ದ ಸೈಕಲ್ಲಿನ ಕಥೆಯನ್ನು ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದಾಗ ನಿಮ್ಮಲ್ಲೊಬ್ಬರು 'ಅಜ್ಜನಿಗೆ ವಯಸ್ಸಾಯಿತು, ಅಲ್ಲಿಯದನ್ನು ಇಲ್ಲಿಗೆ ಸೇರಿಸುತ್ತಾರೆ' ಎಂದು ಬರೆದಿರಿ. ಯಾರೆಂದು ನನಗೆ ಗೊತ್ತು, ಹೇಳಿ ಮಾನ ಕಳೆಯುವುದಿಲ್ಲ. ವಯಸ್ಸಾದದ್ದು ಮೊಣಕಾಲಿಗೆ ಕಣ್ರಯ್ಯಾ, ತಲೆಗಲ್ಲ. ನಿನ್ನೆ ಏನು ಉಂಡೆ ಎಂದು ಕೇಳಿದರೆ ಹೇಳಲಾರೆ, ನೆನಪಿಡುವಂಥ ಊಟವೂ ಅದಾಗಿರಲಿಲ್ಲ. ಆದರೆ ಹರಾಜು ಮನೆಯ ಮೂರನೇ ಸಾಲಿನಲ್ಲಿ ಯಾವ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು ಎಂದು ಕೇಳಿ ನೋಡಿ. ಎಡದಿಂದ ನಾಲ್ಕನೆಯದು. ಅದರ ಮೇಲೆ ಕೂತು ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಆದ್ದರಿಂದ ಸುಮ್ಮನೆ ಕೇಳಿ. ಬೇಗ ಮುಗಿಯಲಿ ಎಂದು ವೇಗ ಹೆಚ್ಚಿಸಿಕೊಂಡು ಕೇಳಬೇಡಿ, ನನ್ನ ದನಿ ಅಳಿಲಿನದಾಗುತ್ತದಂತೆ.

ಹರಾಜು ಮನೆ ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಉದ್ದನೆಯ ಒಂದು ಹಾಲು, ಮುಂದೆ ಒಂದು ಮರದ ಜಗಲಿ, ಹಿಂದೆ ಸಾಮಾನಿನ ಕೋಣೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಶುರು. ಮನೆ ಬದಲಿಸಿದವರ ಮಂಚ, ಅಂಗಡಿ ಮುಚ್ಚಿದವರ ತಕ್ಕಡಿ, ನಿಂತುಹೋದ ಗಡಿಯಾರ, ಒಂಟಿಯಾಗಿ ಉಳಿದ ಸೋಫಾ, ಇಂಥವು. ಮನೆಯ ಒಡತಿಯನ್ನು ಎಲ್ಲರೂ ಯಜಮಾನಮ್ಮ ಎನ್ನುತ್ತಿದ್ದರು. ಗಂಡ ಹೋದ ಮೇಲೆ ಅವನ ಮರದ ಸುತ್ತಿಗೆಯನ್ನು ಕೈಗೆ ತಗೊಂಡವಳು, ಕೆಳಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮ ಕಥೆಯ ನಾಯಕ ಅಲ್ಲಿ ಸಾಮಾನು ಎತ್ತಿ ತೋರಿಸುವವನು. ಹಿಂದಿನ ಸಾಲಿನವರಿಗೂ ಕಾಣಬೇಕಲ್ಲ, ಅದಕ್ಕೆ ಎತ್ತುವಂಥದ್ದನ್ನು ತಲೆಯ ಮಟ್ಟಕ್ಕೆ ಎತ್ತಿ, ಎತ್ತಲಾಗದ್ದನ್ನು ಹಿಂದಿನಿಂದ ಒರಗಿಸಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ. ಊರು ಅವನಿಗೆ ಎತ್ತಪ್ಪ ಎಂದು ಹೆಸರಿಟ್ಟಿತು. ತಂದೆತಾಯಿ ಇಟ್ಟದ್ದು ಬೇರೆ ಏನೋ ಇತ್ತು, ಅದು ಅವನಿಗೇ ಮರೆತಿತ್ತು.

ಇನ್ನೊಂದು ಕೆಲಸವೂ ಅವನದೇ. ಸಾಮಾನಿಗೆ ಒಂದು ಸ್ಲೇಟು ನೇತುಹಾಕಿರುತ್ತಿದ್ದರು. ಹಾಲಿನಲ್ಲಿ ಒಂದು ಕೈ ಎದ್ದರೆ ಎತ್ತಪ್ಪ ಹಳೆಯ ಅಂಕಿ ಒರೆಸಿ ಹೊಸದು ಬರೆಯಬೇಕು. ಕೊನೆಗೆ ಉಳಿದ ಅಂಕಿಯೇ ಬೆಲೆ, ಅದರ ಮೇಲೆ ಮಾತಿಲ್ಲ. ಯಜಮಾನಮ್ಮನ ಗಂಡ ಸಾಯುವ ಮುಂಚೆ ಹೇಳಿಹೋದ ಕಾನೂನು ಒಂದೇ: ಕೈ ಎದ್ದ ಮೇಲೆ ಸ್ಲೇಟು ಏರಲೇಬೇಕು. ತಲೆ ಕೆರೆದುಕೊಳ್ಳಲು ಕೈ ಎತ್ತಿದವನಿಗೂ ಒಮ್ಮೆ ಒಂದು ಮರದ ತೊಟ್ಟಿಲು ಹೋಯಿತು. ಆತ ಬ್ರಹ್ಮಚಾರಿ. ಹೊತ್ತುಕೊಂಡು ಹೋದ.

ಜಗಲಿಯ ಮೇಲಿನ ಗೋಡೆಯಲ್ಲಿ ಒಂದು ಫಲಕ. 'ಇಲ್ಲಿ ಕೆಲಸ ಮಾಡುವವರ ಸಾಮಾನನ್ನು ಇಲ್ಲಿ ಮಾರತಕ್ಕದ್ದಲ್ಲ. ಮಾರಿದವರಿಗೆ ಕೆಲಸವಿಲ್ಲ.' ಹಿಂದೊಬ್ಬ ನೌಕರ ತನ್ನ ಒಂದೇ ಮಂಚವನ್ನು ಮೂವರಿಗೆ ಮಾರಿದ್ದರಿಂದ ಬಂದ ಫಲಕ ಅದು. ಎತ್ತಪ್ಪನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಎತ್ತುವುದು, ಒರೆಸುವುದು, ಬರೆಯುವುದು. ಇವು ಮೂರನ್ನು ಬಲ್ಲವನಿಗೆ ಬೇರೆ ಎಲ್ಲಿ ಸಂಬಳ ಕೊಡುತ್ತಾರೆ ಹೇಳಿ.

ಇಂಥ ಮನುಷ್ಯನಿಗೆ ಚಿತ್ರ ಬರೆಯುವ ಹುಚ್ಚು. ಮಾರಾಟವಾಗದ ಬಣ್ಣದ ಡಬ್ಬಿಗಳು, ಮುರಿದ ಬೀರುವೊಂದರ ಹಿಂಬದಿಯ ಹಲಗೆ, ಎಂಟು ತಿಂಗಳು. ಬರೆದದ್ದೇನು ಅಂದರೆ, ಅವನು ಕಂಡ ಒಂದೇ ಲೋಕ: ಹರಾಜು ಮನೆ. ಯಜಮಾನಮ್ಮ ಸುತ್ತಿಗೆ ಎತ್ತಿದ್ದಾಳೆ. ಸಾಲುಸಾಲಾಗಿ ಊರಿನವರು ಕೂತಿದ್ದಾರೆ. ಜಗಲಿಯ ಮೇಲೆ ಹರಾಜಿಗೆ ಬಂದಿರುವುದು ಒಂದು ಚಿತ್ರ. ಯಾವ ಚಿತ್ರ? ಇದೇ ಚಿತ್ರ, ಸಣ್ಣದಾಗಿ.

ಮೊದಲ ಸಾಲಿನಲ್ಲಿ ಹಲ್ಲಿನ ಡಾಕ್ಟ್ರು ಕೈ ಎತ್ತಿಕೊಂಡಿದ್ದರು. ಅವರಿಗೆ ಭುಜ ಹಿಡಿದುಕೊಳ್ಳುವ ಕಾಯಿಲೆ, ಆಗಾಗ ಕೈ ಮೇಲೆತ್ತಿ ನೆಟಿಗೆ ತೆಗೆಯುತ್ತಿದ್ದರು, ಎತ್ತಪ್ಪನ ಕಣ್ಣಿನಲ್ಲಿ ಅವರು ಹಾಗೆಯೇ ಉಳಿದಿದ್ದರು. ಪಕ್ಕದಲ್ಲಿ ಔಷಧಿ ಅಂಗಡಿಯವರು ತೊಡೆಯ ಮೇಲೆ ಕೈ ಮಡಚಿಟ್ಟು ಆಕಳಿಸುತ್ತಿದ್ದರು. ಚಿತ್ರದೊಳಗಿನ ಚಿತ್ರಕ್ಕೆ ಒಂದು ಸ್ಲೇಟು, ಸ್ಲೇಟಿಗೆ ಒಂದು ಅಂಕಿ ಬೇಕಲ್ಲ. ಆ ತಿಂಗಳು ಅವನು ಹಿಡಿದಿದ್ದ ತೇಗದ ಬೀರು ಹನ್ನೆರಡು ಸಾವಿರಕ್ಕೆ ಹೋಗಿತ್ತು. ಕಣ್ಣಿಗೆ ಅಂಟಿದ್ದ ಅಂಕಿಯನ್ನೇ ಬರೆದ. ಹನ್ನೆರಡು ಸಾವಿರ.

ಚಿತ್ರ ಮುಗಿದು ಗೋಡೆಗೆ ಏರಿದ ದಿನವೇ ಹೆಂಡತಿ ಅಳತೆಯ ಟೇಪು ಹಿಡಿದು ಬಂದು ನಿಂತಳು. ಆಕೆ ಬಟ್ಟೆ ಹೊಲಿಯುವವಳು. ಬಟ್ಟೆ ಕತ್ತರಿಸುವ ಮೇಜು ಇಡಲು ಮನೆಯಲ್ಲಿದ್ದದ್ದು ಆ ಒಂದೇ ಗೋಡೆ. ಅವಳು ಚಿತ್ರವನ್ನು ಅಳೆದಳು, ಗಂಡನನ್ನು ನೋಡಿದಳು.

"ಊರವರನ್ನೆಲ್ಲ ಕೂರಿಸಿದೀರಿ," ಅಂದಳು. "ಅಂಥಾದ್ರಲ್ಲಿ ನಾನೆಲ್ಲಿ?"

ಎತ್ತಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನೀನು ಮಾತಾಡುವಾಗ ಕೈ ಎತ್ತೀಯ ಕಣೆ. ಹರಾಜು ಮನೇಲಿ ಕೂರಿಸಿದ್ರೆ ಸ್ಲೇಟು ಲಕ್ಷ ದಾಟತ್ತೆ," ಅಂದ.

ಮುಂದಿನ ಭಾನುವಾರದೊಳಗೆ ಚಿತ್ರ ಹೊರಗೆ ಹೋಗಬೇಕೆಂದು ಅಪ್ಪಣೆಯಾಯಿತು. ಅಪ್ಪಣೆ ಹೊರಡಿಸುವಾಗಲೂ ಅವಳ ಕೈ ಮೇಲೇ ಇತ್ತು.

ಹಲಗೆಯನ್ನು ಬೀದಿಗೆ ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಹರಾಜಿಗೆ ಇಡೋಣವೆಂದರೆ ಫಲಕ. ಆಗ ಹೆಂಡತಿಯ ಅಣ್ಣ ಮುಂದೆ ಬಂದ. ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುವ ಗುಮಾಸ್ತ. ನಾಲಿಗೆ ಒದ್ದೆ ಮಾಡಿ ಅಂಟಿಸುವುದು ಅವನಿಗೆ ಉದ್ಯೋಗವೂ ಹೌದು, ಸ್ವಭಾವವೂ ಹೌದು. ನನ್ನ ಕಡೆಯಿಂದ ಬಂತು ಅಂತ ಕೊಡುತ್ತೇನೆ ಬಿಡಿ ಭಾವ ಎಂದು ಹೊತ್ತುಕೊಂಡು ಹೋದ. ಯಜಮಾನಮ್ಮ ಯಾರು ಬರೆದದ್ದು ಎಂದು ಕೇಳಿದ್ದಕ್ಕೆ, ಯಾರೋ ಪರಿಚಯದವರು ಎಂದಿದ್ದರೆ ಮುಗಿಯುತ್ತಿತ್ತು. ಇವನು ದನಿ ತಗ್ಗಿಸಿ, ದೊಡ್ಡ ಕಲಾವಿದರು, ಏಳು ವರ್ಷದಿಂದ ಮೌನದಲ್ಲಿದ್ದಾರೆ, ಯಾರನ್ನೂ ನೋಡುವುದಿಲ್ಲ, ನನ್ನೊಬ್ಬನನ್ನು ಬಿಟ್ಟು, ಎಂದ. ಯಜಮಾನಮ್ಮ ಚಿತ್ರವನ್ನು ಮೇಲಿಂದ ಕೆಳಗೆ ನೋಡಿ, ಮೌನದಲ್ಲಿರೋದೇ ಒಳ್ಳೇದು, ಮುನ್ನೂರಕ್ಕೆ ಶುರು ಮಾಡೋಣ ಅಂದಳು. ಚೌಕಟ್ಟಿನ ಬೆಲೆ ಅದು.

ಭಾನುವಾರ ಬಂತು. ಅಂಚೆ ಗುಮಾಸ್ತರು ತಂದದ್ದು, ಮೌನಿಯೊಬ್ಬರು ಬರೆದದ್ದು ಎಂದು ಯಜಮಾನಮ್ಮ ಸಾರಿದಳು. ಎತ್ತಪ್ಪ ತನ್ನ ಚಿತ್ರವನ್ನು ತಾನೇ ಎತ್ತಿ ಹಿಡಿದು ಅದರ ಹಿಂದೆ ನಿಂತ. ಚಿತ್ರ ಅವನಿಗಿಂತ ಅಗಲ. ಮುಂದೆ ಏನಾಗುತ್ತಿದೆ ಎಂಬುದು ಅವನಿಗೆ ಕಿವಿಗೆ ಬಿದ್ದಷ್ಟೇ ಗೊತ್ತಾಗುತ್ತಿತ್ತು. ಮೊದಲು ಏನೂ ಬೀಳಲಿಲ್ಲ. ಜನ ಚಿತ್ರ ನೋಡಿದರು, ತಮ್ಮನ್ನು ಹುಡುಕಿಕೊಂಡರು, ಆಮೇಲೆ ಎಲ್ಲರ ಕುತ್ತಿಗೆಯೂ ಒಟ್ಟಿಗೆ ಹಲ್ಲಿನ ಡಾಕ್ಟ್ರ ಕಡೆಗೆ ತಿರುಗಿತು.

ಔಷಧಿ ಅಂಗಡಿಯವರು ಅವರ ಪಕ್ಕದಲ್ಲೇ ಇದ್ದರು. ಡಾಕ್ಟ್ರೂ ಅವರೂ ಎದುರುಬದುರು ಅಂಗಡಿ. ಇಪ್ಪತ್ತು ವರ್ಷದಿಂದ ಒಬ್ಬರ ಬಾಗಿಲಿಗೆ ಎಷ್ಟು ಜನ ಬಂದರೆಂದು ಇನ್ನೊಬ್ಬರು ಲೆಕ್ಕ ಹಾಕುತ್ತಲೇ ಮುದುಕರಾಗುತ್ತಿದ್ದರು.

"ಡಾಕ್ಟ್ರೇ, ಚಿತ್ರದಲ್ಲಿ ಹನ್ನೆರಡು ಸಾವಿರಕ್ಕೆ ಆಗ್ಲೇ ತಗೊಂಡಿದೀರಿ," ಎಂದರು ಅವರು, ಹಾಲಿಗೆಲ್ಲ ಕೇಳುವಂತೆ. "ಇಲ್ಲಿ ಮುನ್ನೂರಕ್ಕೂ ಕೈ ಮೇಲೆ ಬರ್ತಿಲ್ಲ. ಭುಜ ಇನ್ನೂ ನೋಯ್ತಾ ಇದೆಯೋ, ಅಥವಾ ಜೇಬು ನೋಯ್ತಾ ಇದೆಯೋ?"

ಹಾಲು ನಕ್ಕಿತು. ಡಾಕ್ಟ್ರು ಕಿವಿಯವರೆಗೆ ಕೆಂಪಾದರು. ಬೇರೆಯವರ ಬಾಯಿ ಬಿಡಿಸಿ ಬದುಕುವ ಮನುಷ್ಯ, ತಾನು ಬಾಯಿ ಬಿಟ್ಟದ್ದು ಅಪರೂಪ. ಎದ್ದು ನಿಂತು, ಕೈಯನ್ನು ಚಿತ್ರದಲ್ಲಿದ್ದಷ್ಟೇ ಎತ್ತರಕ್ಕೆ ಎತ್ತಿ, "ಹನ್ನೆರಡು ಸಾವಿರ," ಅಂದರು.

ಯಜಮಾನಮ್ಮನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮುನ್ನೂರಕ್ಕೆ ಕೂಗಿದ್ದ ವಸ್ತುವಿಗೆ, ಎದುರಾಳಿಯೇ ಇಲ್ಲದೆ, ತನ್ನೊಂದಿಗೆ ತಾನೇ ಪೈಪೋಟಿ ಮಾಡಿ ಹನ್ನೆರಡು ಸಾವಿರಕ್ಕೆ ಹೋದವರನ್ನು ಅವಳು ಕಂಡಿರಲಿಲ್ಲ. ಡಾಕ್ಟ್ರ ಆರೋಗ್ಯ ಸರಿಯಿದೆಯೇ ಎಂದು ಮೂರು ಸಲ ವಿಚಾರಿಸಿ, ಮೂರನೇ ಸಲಕ್ಕೆ ಸುತ್ತಿಗೆ ಬಡಿದಳು. ಎತ್ತಪ್ಪ ಹಿಂದಿನಿಂದ ಬಗ್ಗಿ, ನಿಜವಾದ ಸ್ಲೇಟಿನಲ್ಲಿ ಹನ್ನೆರಡು ಸಾವಿರ ಬರೆದ. ಒಂದೇ ಅಂಕಿ ಒಳಗೂ ಹೊರಗೂ. ಹಾಲಿನಲ್ಲಿ ಗುಸುಗುಸು ಶುರುವಾಯಿತು. ಚಿತ್ರ ಬರೆದದ್ದು ಮೊದಲು, ಮಾರಾಟವಾದದ್ದು ಆಮೇಲೆ. ಹಾಗಾದರೆ ಆ ಮೌನಿಗೆ ಮುಂಚೆಯೇ ಹೇಗೆ ಗೊತ್ತಾಯಿತು?

ಯಜಮಾನಮ್ಮನ ಪಾಲು ಹೋಗಿ, ಅಣ್ಣನ ಓಡಾಟದ ಖರ್ಚು ಹೋಗಿ, ಉಳಿದದ್ದರಲ್ಲಿ ಹೆಂಡತಿಗೆ ಮೇಜು ಬಂತು. ಇಲ್ಲಿಗೆ ನಿಂತಿದ್ದರೆ ಎಲ್ಲರಿಗೂ ಕ್ಷೇಮ. ಆದರೆ ಡಾಕ್ಟ್ರು ಹನ್ನೆರಡು ಸಾವಿರ ಕೊಟ್ಟ ಚಿತ್ರವನ್ನು ಮಲಗುವ ಕೋಣೆಯಲ್ಲಿ ಹಾಕುತ್ತಾರೆಯೇ? ರೋಗಿಗಳು ಕೂರುವ ಕೋಣೆಯಲ್ಲಿ ಹಾಕಿದರು. ಕೆನ್ನೆ ಊದಿಸಿಕೊಂಡು ಕೂತವರಿಗೆ ನೋಡಲು ಬೇರೇನಿರುತ್ತದೆ? ಚಿತ್ರ ನೋಡಿದರು. ಅದರಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು ಆಕಳಿಸುತ್ತಿದ್ದ ಔಷಧಿ ಅಂಗಡಿಯವರು. ಹಲ್ಲು ಕೀಳಿಸಿಕೊಂಡು ಚೀಟಿ ಹಿಡಿದು ಎದುರಿನ ಅಂಗಡಿಗೆ ಹೋದವರೆಲ್ಲ, ಬಾಯಿಯಲ್ಲಿ ಹತ್ತಿ ಇದ್ದರೂ, ಅವರ ಮುಖ ನೋಡಿ ನಗುತ್ತಿದ್ದರು.

ನಾಲ್ಕನೇ ದಿನ ಔಷಧಿ ಅಂಗಡಿಯವರು ಅಂಚೆ ಕಚೇರಿಗೆ ಹೋದರು. ಮೌನಿಯವರಿಗೆ ಒಂದು ವಿನಂತಿ, ನನ್ನ ಬಾಯಿ ಮುಚ್ಚಿಸಬೇಕು, ಆದರೆ ನನ್ನದೂ ಒಂದು ಕೈ ಎತ್ತಿಸಬೇಕು ಅಂದರು. ಡಾಕ್ಟ್ರಿಗಿಂತ ಒಂದು ಗೇಣು ಮೇಲೆ. ಗುಮಾಸ್ತ ಕಣ್ಣು ಮುಚ್ಚಿ, ಮೌನಿಯವರ ಜೊತೆ ಮೌನವಾಗಿ ಮಾತಾಡಿ ನೋಡುತ್ತೇನೆ ಎಂದ. ಸಂಜೆ ತಂಗಿಯ ಮನೆಗೆ ಬಂದು ಎತ್ತಪ್ಪನಿಗೆ ಕೆಲಸ ಒಪ್ಪಿಸಿದ. ಚಿತ್ರಕ್ಕೆ ಮೆರುಗೆಣ್ಣೆ ಹಚ್ಚಬೇಕೆಂದು ಮೌನಿಯವರು ಬರೆದು ಕಳಿಸಿದ್ದಾರೆ ಎಂದು ಗುಮಾಸ್ತ ಹೇಳಿದಾಗ ಡಾಕ್ಟ್ರು ಹಲಗೆಯನ್ನು ಎತ್ತಪ್ಪನ ಹೆಗಲ ಮೇಲೇ ಕಳಿಸಿಕೊಟ್ಟರು. ಹೇಗೂ ಹೊರುವವನು ಅವನೇ ಅಲ್ಲವೇ, ಯಾರಿಗೂ ಅನುಮಾನ ಬರಲಿಲ್ಲ.

ಈಗ ಎತ್ತಪ್ಪನ ಬುದ್ಧಿ ನೋಡಿ. ಬಾಯಿ ಮುಚ್ಚಿಸಿದ. ಕೈ ಎತ್ತಿಸಿದ. ಕುಂಚ ತೊಳೆದಿಟ್ಟು ಮಲಗಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದ ನಿಯತ್ತು ಸುಮ್ಮನಿರಬೇಕಲ್ಲ. ಇನ್ನೊಂದು ಕೈ ಎದ್ದಿದೆ, ಸ್ಲೇಟು ಹಾಗೇ ಇದೆ, ಇದು ಯಾವ ನ್ಯಾಯ? ಯಜಮಾನಮ್ಮ ನೋಡಿದರೆ ಏನಂದಾಳು? ಅವನು ಸೀಮೆಎಣ್ಣೆ ಬಟ್ಟೆಯಿಂದ ಹನ್ನೆರಡನ್ನು ಒರೆಸಿ, ಎರಡು ಕೈಯ ಎತ್ತರ ನೋಡಿ, ಇಪ್ಪತ್ತು ಸಾವಿರ ಎಂದು ಬರೆದ. ಹೆಂಡತಿ ಮೇಜಿನಿಂದ ಕತ್ತರಿ ಎತ್ತದೆಯೇ, ಯಾರು ಕೇಳಿದ್ದರು ಅದನ್ನ ಎಂದಳು. ಕೈ ಎದ್ದಿದೆಯಲ್ಲ ಕಣೆ, ಅಂದ.

ಚಿತ್ರ ವಾಪಸು ಗೋಡೆಗೆ ಬಂದಾಗ ಡಾಕ್ಟ್ರು ಒಂದು ಗಳಿಗೆ ಸಿಟ್ಟಾದರು, ಮರುಗಳಿಗೆ ಅವರ ಮುಖ ಅರಳಿತು. ಹಲಗೆಯನ್ನು ಹೊರಿಸಿ ನೆಟ್ಟಗೆ ಹರಾಜು ಮನೆಗೆ ಕಳಿಸಿದರು. ಭಾನುವಾರ ಚಿತ್ರ ಮೇಲೆದ್ದ ಕೂಡಲೇ ತಾವೇ ಎದ್ದು ನಿಂತು, ಹೋದ ಸಲ ಚಿತ್ರ ನನ್ನ ಹೆಸರು ಹೇಳಿತು, ನಾನು ಗಂಡಸಿನ ಹಾಗೆ ಕೊಟ್ಟೆ, ಈ ಸಲ ಬೇರೆಯವರ ಹೆಸರು ಹೇಳಿದೆ, ನೋಡೋಣ, ಎಂದು ಕೂತರು. ಪಕ್ಕದವರಿಗೆ ಆಕಳಿಸಲೂ ಧೈರ್ಯವಾಗಲಿಲ್ಲ. ಔಷಧಿ ಅಂಗಡಿಯವರು ಕೇಳಿದ್ದು ಒಂದು ಕೈ, ಬಂದದ್ದು ಇಪ್ಪತ್ತು ಸಾವಿರದ ಕೈ. ಆದರೂ ಎತ್ತಿದರು. ಎತ್ತುವಾಗ ಅವರ ಮುಖ, ಅವರೇ ಮಾರುವ ಕಹಿ ಔಷಧಿ ಕುಡಿದಂತಿತ್ತು.

ಎರಡನೇ ಸಲವೂ ಚಿತ್ರದ ಮಾತು ನಿಜವಾಯಿತು. ಅಲ್ಲಿಂದ ಊರಿಗೆ ಬೇರೆ ಮಾತಿಲ್ಲ. ಚಿತ್ರದ ಬೆಲೆ ಎಷ್ಟು? ಚಿತ್ರದಲ್ಲಿ ಬರೆದಷ್ಟು. ಯಾಕೆ? ಅಷ್ಟಕ್ಕೆ ಹೋಯಿತಲ್ಲ. ಅಷ್ಟಕ್ಕೆ ಯಾಕೆ ಹೋಯಿತು? ಚಿತ್ರದಲ್ಲಿ ಬರೆದಿತ್ತಲ್ಲ. ಎತ್ತು ಗಾಣ ಸುತ್ತಿದ ಹಾಗೆ ಸುತ್ತಿ ಸುತ್ತಿ ಜನ ಅಲ್ಲೇ ಬಂದು ನಿಲ್ಲುತ್ತಿದ್ದರು, ಮತ್ತು ಸುತ್ತಿದಷ್ಟೂ ಅವರಿಗೆ ಅದು ದೊಡ್ಡ ತತ್ತ್ವವಾಗಿ ಕಾಣುತ್ತಿತ್ತು. ಔಷಧಿ ಅಂಗಡಿಯವರಿಗೂ ಗುಟ್ಟು ಹೊಳೆಯಿತು. ಮೆರುಗೆಣ್ಣೆಗೆ ಹೋಗಿ ಬಂದಾಗಲೆಲ್ಲ ಚಿತ್ರ ಬೆಳೆಯುತ್ತದೆ. ಮತ್ತೆ ಯಾವಾಗ ಮೆರುಗೆಣ್ಣೆ ಎಂದು ಅವರು ದಿನಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಬೇಡದ ಸ್ಟಾಂಪು ಕೊಂಡು ಬರುತ್ತಿದ್ದರು.

ಎತ್ತಪ್ಪ ಮಾತ್ರ ನಿದ್ದೆಗೆಟ್ಟ. ಬೀದಿಯಲ್ಲಿ ಯಾರಾದರೂ ಮೌನಿಯವರು ಹೇಗಿದ್ದಾರಂತೆ ಎಂದು ಕೇಳಿದರೆ ಅವನ ಕಣ್ಣ ಮುಂದೆ ಫಲಕ ಬರುತ್ತಿತ್ತು. ಡಾಕ್ಟ್ರಂತೂ ವಾರಕ್ಕೊಮ್ಮೆ ಅವನನ್ನು ನಿಲ್ಲಿಸಿ, ನಿಮ್ಮ ಹೆಂಡ್ತಿ ಅಣ್ಣನಿಗೆ ಹೇಳಿ, ಮೌನಿಯವರ ಹಲ್ಲು ಒಂದ್ಸಲ ನೋಡ್ತೀನಿ, ದುಡ್ಡು ಬೇಡ ಎನ್ನುತ್ತಿದ್ದರು. ಎತ್ತಪ್ಪನಿಗೆ ನಿಜಕ್ಕೂ ಒಂದು ದವಡೆ ಹಲ್ಲು ನೋಯುತ್ತಿತ್ತು. ಹೇಳುವ ಹಾಗಿಲ್ಲ.

ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷರಿಗೆ ಸುದ್ದಿ ಮುಟ್ಟಿತು. ಊರಿನವರೆಲ್ಲ ಇರುವ ಚಿತ್ರದಲ್ಲಿ ತಾವಿಲ್ಲ. ಎಂಥ ಅವಮಾನ ಹೇಳಿ. ಗುಮಾಸ್ತನನ್ನು ಪುರಸಭೆಗೆ ಕರೆಸಿದರು, ಕುರ್ಚಿ ಹಾಕಿಸಿದರು. ಇಡೀ ಜನ್ಮದಲ್ಲಿ ಕೌಂಟರಿನ ಆಚೆಯಿಂದ ಬೈಸಿಕೊಂಡ ಮನುಷ್ಯನಿಗೆ ಕುರ್ಚಿ. ಅವನು ಕೂತ ಕ್ಷಣವೇ ಎಲ್ಲಕ್ಕೂ ಒಪ್ಪಿಬಿಟ್ಟ. ಅಧ್ಯಕ್ಷರ ಅಪೇಕ್ಷೆ ಸಣ್ಣದು: ಮೊದಲ ಸಾಲಿನ ಮಧ್ಯೆ ತಾವು ನಿಂತಿರಬೇಕು, ಜನರಿಗೆ ಕೈ ಬೀಸುತ್ತಿರಬೇಕು. ಚುನಾವಣೆಯ ಗೋಡೆಚಿತ್ರದಲ್ಲಿ ಇರುವ ಹಾಗೆ.

ಹಲಗೆ ಎರಡನೇ ಸಲ ಮೆರುಗೆಣ್ಣೆಗೆ ಬಂತು. ಔಷಧಿ ಅಂಗಡಿಯವರು ಮೆಟ್ಟಿಲಿನವರೆಗೆ ತಾವೇ ಹಿಡಿದುಕೊಂಡು ಬಂದು ಬಿಟ್ಟುಹೋದರು. ಎತ್ತಪ್ಪ ಅಧ್ಯಕ್ಷರನ್ನು ಬರೆದ. ಅಗಲವಾದ ಎದೆ, ಅಗಲವಾದ ನಗು, ಮೇಲೆತ್ತಿ ಬೀಸುತ್ತಿರುವ ಕೈ. ಬರೆದು ಮುಗಿಸಿ, ಹಿಂದೆ ಸರಿದು ನೋಡಿ, ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

"ಏನಾಯ್ತು ಈಗ?" ಅಂದಳು ಹೆಂಡತಿ.

"ಕೈ ಎದ್ದಿದೆ."

"ಅದು ಬೀಸ್ತಾ ಇರೋ ಕೈ ರೀ. ಕೊಳ್ಳೋ ಕೈ ಅಲ್ಲ."

"ಹರಾಜು ಮನೇಲಿ ಬೀಸೋ ಕೈ, ಕೊಳ್ಳೋ ಕೈ ಅಂತ ಬೇರೆ ಬೇರೆ ಇಲ್ಲ ಕಣೆ. ತೊಟ್ಟಿಲು ತಗೊಂಡೋನ್ನ ಕೇಳು."

ಹೆಂಡತಿ ಬಹಳ ಹೇಳಿದಳು. ಎರಡೂ ಕೈ ಎತ್ತಿ ಹೇಳಿದಳು. ಎತ್ತಪ್ಪ ಎಲ್ಲ ಕೇಳಿ, ಹೌದು ಹೌದು ಎಂದು ತಲೆಯಾಡಿಸಿ, ಸ್ಲೇಟು ಒರೆಸಿದ. ಅಧ್ಯಕ್ಷರಂಥವರ ಕೈ ಐದು ಹತ್ತಕ್ಕೆಲ್ಲ ಎದ್ದರೆ ಮರ್ಯಾದೆಯಲ್ಲ ಎಂದು ಯೋಚಿಸಿ, ಅವರ ಮೇಲಿನ ಗೌರವಕ್ಕೆ ಐವತ್ತು ಸಾವಿರ ಎಂದು ಬರೆದ.

ಔಷಧಿ ಅಂಗಡಿಯವರು ಚಿತ್ರವನ್ನು ಹರಾಜಿಗಿಟ್ಟರು. ಆ ತಿಂಗಳ ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ನಿಂತವರು, ಕಿಟಕಿಗೆ ಹತ್ತಿದವರು. ನನ್ನ ಅಲ್ಲಾಡುವ ಕುರ್ಚಿಯನ್ನೇ ಇಬ್ಬರು ಕೇಳಿದರು, ನಾನು ಏಳಲಿಲ್ಲ. ಅಧ್ಯಕ್ಷರು ಹಾರ ಹಾಕಿಸಿಕೊಳ್ಳುವ ಲಹರಿಯಲ್ಲಿ ಬಂದು ಮೊದಲ ಸಾಲಿನ ಮಧ್ಯೆ ಕೂತರು. ಚಿತ್ರ ಮೇಲೆದ್ದಿತು. ಮೊದಲು ತಮ್ಮ ಎದೆ ನೋಡಿಕೊಂಡು ಸಂತೋಷಪಟ್ಟರು. ಆಮೇಲೆ ಸ್ಲೇಟು ನೋಡಿದರು.

ಅಧ್ಯಕ್ಷರ ಕೈಯ ವಿಚಾರ ಊರಿಗೇ ಗೊತ್ತು. ಬೀಸಲು ಎಷ್ಟು ಧಾರಾಳವೋ ಜೇಬಿಗೆ ಹೋಗಲು ಅಷ್ಟೇ ಬಿಗಿ. ಯಜಮಾನಮ್ಮ ಐವತ್ತು ಸಾವಿರ, ಒಂದನೇ ಸಲ, ಎಂದು ಕೂಗಿ ಅವರನ್ನೇ ನೋಡಿದಳು. ಹಾಲೂ ಅವರನ್ನೇ ನೋಡಿತು. ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತು, ಗುಡುಗಿದರು.

"ನಾನು ಜನಗಳಿಗೆ ಕೈ ಬೀಸಿದ್ದು. ನನ್ನ ಕೈಲಿ ಸವಾಲು ಕೂಗಿಸೋಕೆ ಅವನ್ಯಾರು? ಎಲ್ಲಿದಾನೆ ಆ ಮೌನಿ, ಕರ್ಕೊಂಬನ್ನಿ. ಅವನ ಮೌನ ಎಷ್ಟು ಹೊತ್ತು ಇರತ್ತೆ ಅಂತ ನಾನು ನೋಡ್ತೀನಿ." ಎಂದು ಗುಮಾಸ್ತನ ಕಡೆಗೆ ತಿರುಗಿ, "ಏನ್ರೀ ಸ್ಟಾಂಪು, ನೀವೇ ಹೇಳ್ರಿ, ಯಾರವನು?"

ಗುಮಾಸ್ತ ಎದ್ದು ನಿಂತ. ನಾಲಿಗೆಯಲ್ಲಿ ಅಂಟಿಸಲು ಒದ್ದೆಯೇ ಇರಲಿಲ್ಲ. ಚಿತ್ರದ ಹಿಂದೆ ನಿಂತಿದ್ದ ಎತ್ತಪ್ಪನಿಗೆ ಕಾಣುತ್ತಿದ್ದದ್ದು ಹಲಗೆಯ ಹಿಂಬದಿ ಮಾತ್ರ, ಆದರೆ ಭಾವನ ಕೆಮ್ಮು ಕೇಳಿತು. ಆ ಕೆಮ್ಮಿನ ಅರ್ಥ ಅವನಿಗೆ ಗೊತ್ತು. ಎರಡನೇ ಕೆಮ್ಮಿಗೆ ಹೆಸರು ಹೊರಗೆ ಬೀಳುತ್ತದೆ, ಹೆಸರು ಬಿದ್ದರೆ ಫಲಕ, ಫಲಕವೆಂದರೆ ನಾಳೆ ಬೆಳಗ್ಗೆ ಎದ್ದು ಹೋಗಲು ಎಲ್ಲೂ ಇಲ್ಲ. ಯಾರಾದರೂ ಒಬ್ಬರು ಐವತ್ತು ಸಾವಿರಕ್ಕೆ ಕೈ ಎತ್ತಿಬಿಟ್ಟರೆ ಮಾರಾಟ ಮುಗಿಯುತ್ತದೆ, ಅಧ್ಯಕ್ಷರು ತಣ್ಣಗಾಗುತ್ತಾರೆ, ಮೌನಿ ಮೌನಿಯಾಗಿಯೇ ಉಳಿಯುತ್ತಾನೆ. ಯಾರಾದರೂ ಒಬ್ಬರು. ಯಜಮಾನಮ್ಮ ಎರಡನೇ ಸಲ ಅಂದಳು. ಯಾರೂ ಎತ್ತಲಿಲ್ಲ. ಗುಮಾಸ್ತ ಎರಡನೇ ಸಲ ಕೆಮ್ಮಲು ಉಸಿರೆಳೆದುಕೊಂಡ.

ಹಲಗೆಯ ಮೇಲಿನಿಂದ ಒಂದು ಕೈ ಎದ್ದಿತು.

"ಐವತ್ತು ಸಾವಿರ, ಹಿಂದಿನಿಂದ," ಎಂದಳು ಯಜಮಾನಮ್ಮ, ಅಭ್ಯಾಸಬಲ. ಸುತ್ತಿಗೆ ಅರ್ಧ ಇಳಿದ ಮೇಲೆ ನಿಂತಿತು. "ಹಿಂದೆ ಯಾರಿದಾರೆ?"

"ನಾನೇ ಯಜಮಾನಮ್ಮ." ಒಂದೇ ಕೈಯಲ್ಲಿ ಹಿಡಿದಿದ್ದ ಹಲಗೆ ಒಂದು ಕಡೆಗೆ ವಾಲಿತ್ತು.

"ನಿನ್ನ ಹತ್ರ ಐವತ್ತು ಸಾವಿರ ಇದೆಯೇನೋ?"

"ಇಲ್ಲ."

"ಮತ್ತೆ ಯಾಕೆ ಎತ್ತಿದೆ ಕೈಯ?"

ಎತ್ತಪ್ಪ ಹಲಗೆಯನ್ನು ಕೆಳಗಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಸಾಮಾನಿನ ಮುಂದೆ ಬಂದು ನಿಂತದ್ದು ಅದೇ ಮೊದಲು. ಹಾಲಿನ ಅರ್ಧ ಜನಕ್ಕೆ ಅವನಿಗೆ ಇಂಥ ಮುಖ ಇದೆಯೆಂದು ಆಗಲೇ ಗೊತ್ತಾದದ್ದು.

"ಸ್ಲೇಟು ಬರ್ದಿದ್ದು ನಾನು," ಅಂದ. "ಅಧ್ಯಕ್ಷರದೇನೂ ತಪ್ಪಿಲ್ಲ, ಅವರು ಬೀಸಿದ್ದೇ. ಇಡೀ ಚಿತ್ರಾನೇ ನಾನು ಬರ್ದಿದ್ದು. ಮನೇಲಿ ಮೇಜಿಗೆ ಜಾಗ ಇರ್ಲಿಲ್ಲ."

ಡಾಕ್ಟ್ರು ಎದ್ದರು, ಕೂತರು. ವಾರವಾರ ಮೌನಿಯ ಕ್ಷೇಮವನ್ನು ಮೌನಿಯ ಹತ್ತಿರವೇ ವಿಚಾರಿಸಿದ್ದು ಅವರಿಗೆ ಮೆಲ್ಲಗೆ ಅರ್ಥವಾಗುತ್ತಿತ್ತು. ಅಧ್ಯಕ್ಷರು ನಿರಾಳವಾಗಿ, ಓಹೋ ನಮ್ಮ ಎತ್ತಪ್ಪ ಬರೆದದ್ದೇ ಹಾಗಾದರೆ ಇದಕ್ಕೆ ಮುನ್ನೂರೂ ಹೆಚ್ಚು ಎಂದು ನಕ್ಕರು. ಹಾಲು ನಕ್ಕಿತು. ಔಷಧಿ ಅಂಗಡಿಯವರು ನಗಲಿಲ್ಲ. ಒಂದೊಂದು ನಗುವಿಗೂ ಅವರ ಇಪ್ಪತ್ತು ಸಾವಿರದಲ್ಲಿ ಒಂದೊಂದು ಸಾವಿರ ಕರಗುತ್ತಿತ್ತು.

ಯಜಮಾನಮ್ಮ ಸುತ್ತಿಗೆಯ ತುದಿಯಿಂದ ಗೋಡೆ ತೋರಿಸಿ, ಓದು ಎಂದಳು. ಎತ್ತಪ್ಪ ಫಲಕವನ್ನು ಗಟ್ಟಿಯಾಗಿ, ಪೂರ್ತಿಯಾಗಿ, ಕೊನೆಯ ಚುಕ್ಕಿಯವರೆಗೆ ಓದಿದ. ನಾಳೆಯಿಂದ ಬರಬೇಡ ಎಂದಳು. ಅವಳ ದನಿ ಒಂದು ಎಳೆ ಒಡೆಯಿತು. ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ ಇರಬೇಕು.

"ನಿಲ್ಲಿ," ಎಂದು ಔಷಧಿ ಅಂಗಡಿಯವರು ಹಾರಿ ಜಗಲಿ ಹತ್ತಿದರು. ಅವರು ಆ ಚಿತ್ರವನ್ನು ಒಂದು ತಿಂಗಳು ದಿನಕ್ಕೆ ಹನ್ನೆರಡು ಗಂಟೆ ಎದುರಿಗಿಟ್ಟುಕೊಂಡು ನೋಡಿದವರು. ಬೆರಳಿಟ್ಟು ತೋರಿಸಿದರು. ಚಿತ್ರದೊಳಗಿನ ಆ ಪುಟ್ಟ ಚಿತ್ರದ ಎರಡು ಅಂಚಿನಲ್ಲಿ ನಾಲ್ಕು ನಾಲ್ಕು ಬೆರಳು. ಕೆಳಗೆ ಎರಡು ಪಾದ, ಒಂದು ಚಪ್ಪಲಿಯ ಪಟ್ಟಿಗೆ ತಂತಿ ಕಟ್ಟಿದೆ.

"ಇದು ಯಾರ ಚಪ್ಪಲಿ ಯಜಮಾನಮ್ಮ?"

ಎಲ್ಲರೂ ಎತ್ತಪ್ಪನ ಕಾಲು ನೋಡಿದರು. ತಂತಿ ಇತ್ತು.

"ಸ್ಲೇಟಲ್ಲಿ ಐವತ್ತು ಸಾವಿರ. ಹಿಡ್ಕೊಂಡಿರೋನು ಇವನು. ಈ ಚಿತ್ರ ಎರಡು ಸಲ ಮಾತು ಹೇಳ್ತು, ಎರಡು ಸಲಾನೂ ಹಾಗೇ ನಡೀತು. ಡಾಕ್ಟ್ರನ್ನ ಕೇಳಿ. ಅಂದ್ಮೇಲೆ ಇದು ಐವತ್ತು ಸಾವಿರಕ್ಕೆ ಹೋಗೋ ದಿನ ಇವನು ಇಲ್ಲಿ ಕೆಲಸದಲ್ಲಿ ಇರ್ಲೇಬೇಕು. ಇವತ್ತು ನೀವು ಇವನನ್ನ ತೆಗೆದ್ರೆ ಚಿತ್ರ ಸುಳ್ಳಾಗತ್ತೆ. ಸುಳ್ಳು ಚಿತ್ರ ಮುನ್ನೂರಕ್ಕೂ ಹೋಗಲ್ಲ. ನನ್ನ ಇಪ್ಪತ್ತು ಸಾವಿರಕ್ಕೆ ನೀವು ಹೊಣೆಯಾ?"

ಇಂಥ ವಾದವನ್ನು ಯಾವ ವಕೀಲನೂ ಮಾಡಿರಲಾರ. ಹಾಲಿನಲ್ಲಿ ಕೂತಿದ್ದ ಒಬ್ಬ ವಕೀಲ ಅದನ್ನು ಬರೆದುಕೊಂಡ. ಡಾಕ್ಟ್ರೂ, ತಮ್ಮ ಹಳೆಯ ಹನ್ನೆರಡು ಸಾವಿರ ಮೂರ್ಖತನವಾಗಿ ಕಾಣಬಾರದೆಂದು, ಹೌದು ಹೌದು ಎಂದು ತಲೆಯಾಡಿಸಿದರು. ಇಪ್ಪತ್ತು ವರ್ಷದಲ್ಲಿ ಎದುರಂಗಡಿಯವರ ಒಂದು ಮಾತಿಗೆ ಅವರು ಒಪ್ಪಿದ್ದು ಅಂದೇ ಮೊದಲು. ಯಜಮಾನಮ್ಮ ಸುತ್ತಿಗೆಯನ್ನು ಕೆನ್ನೆಗೆ ಒತ್ತಿಕೊಂಡು ಯೋಚಿಸಿದಳು. ಐವತ್ತು ಸಾವಿರದಲ್ಲಿ ಅವಳ ಪಾಲೂ ಇತ್ತು, ಅದೂ ಯೋಚನೆಯಲ್ಲಿ ಬಂದಿರಬಹುದು.

"ಆಯ್ತು," ಅಂದಳು ಕೊನೆಗೆ. "ಫಲಕ ಫಲಕವೇ. ಆದ್ರೆ ಚಿತ್ರ ಐವತ್ತು ಸಾವಿರಕ್ಕೆ ಹೋಗೋ ತನಕ ಇವನು ಇರ್ಲಿ. ಹೋದ ದಿನ ಚಿತ್ರಾನೂ ಹೋಗ್ಲಿ, ಇವನೂ ಹೋಗ್ಲಿ." ಎಂದು ಹಲಗೆಯ ಮೇಲಿನ ಬೀಸುತ್ತಿರುವ ಕೈ ತೋರಿಸಿ, "ಕೊಳ್ಳೋರು ಯಾರು ಅಂತ ಬರ್ದೇ ಇದೆ. ಬೇರೆಯವರ ಸವಾಲು ಇದಕ್ಕೆ ಇಲ್ಲ," ಅಂದಳು.

ಎಲ್ಲರೂ ಅಧ್ಯಕ್ಷರ ಕಡೆಗೆ ತಿರುಗಿದರು. ಅಧ್ಯಕ್ಷರು ತಮ್ಮ ಕೈಗಳ ಮೇಲೆ ಇನ್ನೊಂದಿಷ್ಟು ಭದ್ರವಾಗಿ ಕೂತರು.

ಅಂದಿನಿಂದ ತಿಂಗಳಿಗೊಮ್ಮೆ ಚಿತ್ರ ಜಗಲಿಗೆ ಬರುತ್ತದೆ. ಎತ್ತಪ್ಪ ಎತ್ತುತ್ತಾನೆ. ಯಜಮಾನಮ್ಮ ಮೂರು ಸಲ ಕೂಗುತ್ತಾಳೆ. ಅಧ್ಯಕ್ಷರು ಬರದಿದ್ದರೆ ಹೆದರಿಕೊಂಡರು ಎಂದು ಎದುರು ಪಕ್ಷದವರು ಆಡಿಕೊಳ್ಳುತ್ತಾರೆ, ಆದ್ದರಿಂದ ಬರಲೇಬೇಕು. ಬಂದರೆ ಕೈ ಎತ್ತಬಾರದು. ಬೇಸಿಗೆಯಲ್ಲೂ ಜೇಬಿನಲ್ಲಿ ಕೈ ಇಟ್ಟುಕೊಂಡು ಬೆವರುತ್ತ ಕೂರುವ ಆ ಕಷ್ಟವನ್ನು ನೋಡಲೆಂದೇ ಜನ ಬರುತ್ತಾರೆ, ಬಂದವರು ಒಂದು ಕುರ್ಚಿಯನ್ನೋ ಗಡಿಯಾರವನ್ನೋ ಕೊಂಡು ಹೋಗುತ್ತಾರೆ. ಔಷಧಿ ಅಂಗಡಿಯವರು ಐವತ್ತು ಸಾವಿರದ ಚಿತ್ರದ ಒಡೆಯರೆಂದು ಹೇಳಿಕೊಂಡು ಓಡಾಡುತ್ತಾರೆ. ಮಾರಾಟವಾಗಿಲ್ಲ, ಸುಳ್ಳೂ ಆಗಿಲ್ಲ.

ಎತ್ತಪ್ಪನ ಹೆಂಡತಿ ಈಗ ಪ್ರತಿ ತಿಂಗಳೂ ಬಂದು ಅಧ್ಯಕ್ಷರ ಹಿಂದಿನ ಕುರ್ಚಿಯಲ್ಲೇ ಕೂರುತ್ತಾಳೆ. ತನ್ನ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಗಂಟು ಹಾಕಿಕೊಂಡಿರುತ್ತಾಳೆ. ಅಧ್ಯಕ್ಷರ ಮುಖದ ಸುತ್ತ ಒಂದು ನೊಣ ಹಾರಿದರೆ ಸಾಕು, ಅವರು ಕೈ ಎತ್ತಿ ಅದನ್ನು ಓಡಿಸುವ ಮುಂಚೆ, ಕುತ್ತಿಗೆ ಚಾಚಿ ಬಾಯಿಯಿಂದ ಊದಿ ಓಡಿಸುತ್ತಾಳೆ.

ಇಷ್ಟೇ ಕಥೆ. ನಿಮ್ಮ ನಿಮ್ಮ ಕಡೆಯವರಿಗೆಲ್ಲ ಇದನ್ನು ಕಳಿಸಿ. ಒಂದೇ ಮಾತು ನೆನಪಿಡಿ, ಹೇಳುವಾಗ ಐವತ್ತು ಸಾವಿರ ಅಂತಲೇ ಹೇಳಿ. ರುಚಿಗೆ ಅಂತ ನೀವು ಎಪ್ಪತ್ತೈದು ಮಾಡಿದಿರೋ, ಅದು ಊರೆಲ್ಲ ಸುತ್ತಿ ಔಷಧಿ ಅಂಗಡಿಯವರ ಕಿವಿಗೆ ಬೀಳುತ್ತದೆ, ಅವರು ನಾಳೆಯೇ ಹಲಗೆಯನ್ನು ಮೆರುಗೆಣ್ಣೆಗೆ ಕಳಿಸುತ್ತಾರೆ.